ಕಿಟಕಿ ಮುಚ್ಚಿದ ದೋಣಿ

ನಾನು ಕೆರೆಯಲ್ಲಿ ದೋಣಿ ಓಡಿಸುತ್ತಿದ್ದೆ ಎಂದರೆ ಜನ ಹೊಟ್ಟೆಕಿಚ್ಚು ಪಡುತ್ತಾರೆ. ಅವರ ಕಣ್ಣ ಮುಂದೆ ನೀಲಿ ನೀರು, ಬಾತುಕೋಳಿ ಬರುತ್ತವೆ. ನಮ್ಮ ಕೆರೆ ಇದ್ದದ್ದು ಜೆ.ಪಿ. ನಗರದ ಬೆನ್ನಿಗೆ, ಅದರ ನೀರಿನ ಬಣ್ಣ ಕಲಗಚ್ಚಿನದು. ಆ ನೀರು ಕಾಣುತ್ತಿದ್ದದ್ದೂ ಅಪರೂಪ, ದಡದಿಂದ ದಡಕ್ಕೆ ಅಂತರಗಂಗೆ ಕಳೆ. ಅದನ್ನು ಕತ್ತರಿಸಿ, ಬೆಲ್ಟಿನ ಮೇಲೆ ಎಳೆದು, ದಡಕ್ಕೆ ಸುರಿಯುವ ಯಂತ್ರದ ದೋಣಿ ನಮ್ಮದು. ಕಳೆಯ ಜೊತೆ ಡೈಪರ್ ಬರುತ್ತಿತ್ತು, ಕೋಳಿಪುಕ್ಕ ಬರುತ್ತಿತ್ತು, ಒಮ್ಮೆ ಉಬ್ಬಿದ ನಾಯಿಯೂ ಬಂತು. ಎಲ್ಲಕ್ಕಿಂತ ಕೆಟ್ಟದ್ದು ಪೂಜೆ ಮಾಡಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಎಸೆದದ್ದು. ಭಕ್ತಿ ಅಷ್ಟು ನಾರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೋಣಿಯ ಮೇಲೆ ಗಾಜಿನದೊಂದು ಸಣ್ಣ ಕ್ಯಾಬಿನ್. ಇಬ್ಬರು ಮೊಣಕಾಲು ತಾಗಿಸಿಕೊಂಡು ಕೂರಬೇಕು. ನನ್ನ ಜೊತೆ ಕೂರುತ್ತಿದ್ದವರು ಕೆಲಸ ಕಲಿಸಿದ ಹಿರಿಯ ಆಪರೇಟರ್, ಹನುಮಂತನಗರದಿಂದ ಬಸ್ಸಿನಲ್ಲಿ ಬರುತ್ತಿದ್ದವರು. ಮೊದಲ ವಾರವೇ ಅವರು ನನ್ನನ್ನು ಹೆದರಿಸಿಬಿಟ್ಟರು. ಮಧ್ಯಾಹ್ನ ದಡದಲ್ಲಿ ಕೂತು ಡಬ್ಬಿ ತೆಗೆದರು. ಟೊಮೇಟೊ ಬಾತ್ ಹಳಸಿಹೋಗಿತ್ತು. ಕೆರೆಯ ನಾತದ ನಡುವೆಯೂ ಅದು ಬೇರೆಯಾಗಿ ನನ್ನ ಮೂಗಿಗೆ ಬಡಿಯಿತು.

"ಅಣ್ಣ, ಹಳಸಿದೆ, ಬಿಟ್ಬಿಡಿ," ಎಂದೆ.

ಅವರು ಡಬ್ಬಿಗೆ ಮೂಗಿಟ್ಟು ಮೂಸಿದರು. "ಏನೂ ಇಲ್ವಲ್ಲ ಗುರು, ಚೆನ್ನಾಗೇ ಇದೆ," ಎಂದು ಕೊನೆಯ ಅಗುಳಿನವರೆಗೆ ತಿಂದು ಬೆರಳು ನೆಕ್ಕಿದರು.

ಕೆರೆಗಿಂತ ಹೆಚ್ಚಾಗಿ ಅವರನ್ನು ಕಂಡು ಅಸಹ್ಯವಾಯಿತು, ಸುಳ್ಳೇಕೆ ಹೇಳಲಿ. ಕೆರೆ ಅವರ ಮೂಗನ್ನು ತಿಂದುಹಾಕಿತ್ತು. ನನ್ನ ಮೂಗನ್ನು ಮಾತ್ರ ಇದಕ್ಕೆ ಬಿಟ್ಟುಕೊಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಕ್ಯಾಬಿನ್ನಿನ ಕಿಟಕಿಗಳನ್ನು ಎಳೆದು ಚಿಲಕ ಹಾಕಿದೆ.

ಆಮೇಲೆ ಶುರುವಾಯಿತು ಗಾಜಿನ ಕಾಟ. ಮಳೆಗಾಲದ ಬೆಳಿಗ್ಗೆ, ಹೊರಗೆ ತಣ್ಣನೆ ಗಾಳಿ, ಒಳಗೆ ಒದ್ದೆ ಅಂಗಿಯ ಇಬ್ಬರು ಗಂಡಸರ ಉಸಿರು. ದೋಣಿ ದಡ ಬಿಡುವಷ್ಟರಲ್ಲಿ ಗಾಜು ಒಳಗಿನಿಂದ ಮಬ್ಬಾಗಿ ಬೆಳ್ಳಗಾಗುತ್ತಿತ್ತು. ಒರೆಸಿದರೆ ಗೆರೆ ಮೂಡಿ ಮತ್ತೆ ಬಿಳುಪು. ಒರೆಸುವ ಬಟ್ಟೆಯೇ ಮುಗ್ಗಲು ಹಿಡಿಯಿತು. ಕೈಗೆ ಹತ್ತುತ್ತಿದ್ದ ಆ ತೇವ ನಮ್ಮಿಬ್ಬರ ಬಾಯಿಂದ ಬಂದದ್ದು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸುದ್ದಗುಂಟೆಪಾಳ್ಯದ ಒಬ್ಬ ಆಟೋ ಡ್ರೈವರ್, ಆಲೂಗಡ್ಡೆ ಕತ್ತರಿಸಿ ಗಾಜಿಗೆ ಉಜ್ಜಿ ಎಂದ. ಉಜ್ಜಿದೆ. ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಗಾಜಿನ ತುಂಬ ಗಂಜಿಯ ಪೊರೆ, ಅದಕ್ಕೆ ನೊಣ. ಪಾತ್ರೆ ಸೋಪು ಸವರಿ ಒಣಬಟ್ಟೆಯಲ್ಲಿ ಉಜ್ಜಿದ್ದು ಅದಕ್ಕಿಂತ ವಾಸಿ, ಆದರೆ ಕೊನೆಗೆ ಅದೂ ಕರಗಿ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ಅಮ್ಮ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೊಟ್ಟರು, ಅದನ್ನು ತಲೆಯ ಮೇಲೆ ತೂಗುಹಾಕಿದೆ. ಉಪ್ಪು ತೇವವನ್ನು ಕುಡಿಯಿತು, ನಿಜ. ಕುಡಿದದ್ದನ್ನು ನನ್ನ ಕಾಲರಿನೊಳಕ್ಕೆ ಇಳಿಸಿತು.

ಹಿರಿಯರಿಗೆ ನಗುವೋ ನಗು. "ಕಿಟಕಿ ಎರಡು ಬೆರಳು ತೆಗಿ ಗುರು, ಗಾಳಿ ಆಡ್ಲಿ. ಬೇರೇನೂ ಬೇಡ."

"ಅದೊಂದು ಬಿಟ್ಟು ಬೇರೆ ಹೇಳಿ ಅಣ್ಣ," ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಸೋಪಿನ ಗೆರೆಗಳಾಚೆ ಕಪ್ಪಗೇನೋ ಅಲುಗಿತು. ಕಳೆಯ ಗುಡ್ಡೆ ಇರಬೇಕೆಂದು ದೋಣಿಯನ್ನು ಅದರತ್ತಲೇ ಬಿಟ್ಟೆ. "ಏಯ್! ಏಯ್!" ಎಂಬ ಕೂಗು ಕೇಳಿತು. ಹಿರಿಯರು ನನ್ನ ಕೈ ತಳ್ಳಿ ಎಂಜಿನ್ ನಿಲ್ಲಿಸಿದರು. ಮೀನಿನ ಬಲೆ ಎತ್ತುತ್ತಿದ್ದವನ ತೆಪ್ಪ, ನಮ್ಮ ಕತ್ತರಿಸುವ ಅಲಗುಗಳಿಂದ ಒಂದು ಮಾರು ದೂರದಲ್ಲಿತ್ತು. ಅವನು ಬೈದದ್ದು ಬರೆಯುವಂಥದ್ದಲ್ಲ. ಎರಡೂ ಕಡೆಯ ಕಿಟಕಿ ಪೂರ್ತಿ ಸರಿಸಿದೆ. ನಾತ ಒಳಗೆ ನುಗ್ಗಿತು. ನೋಡನೋಡುತ್ತ ಮುಂದಿನ ಗಾಜು ತಿಳಿಯಾಗಿ, ತೆಪ್ಪದಲ್ಲಿದ್ದವನ ಮುಖ ಕೆನ್ನೆಯ ಮಚ್ಚೆಯವರೆಗೆ ಸ್ಪಷ್ಟವಾಗಿ ಕಂಡಿತು. ನಾನು ಹೊರಗೆ ಬಗ್ಗಿ ವಾಂತಿ ಮಾಡಿಕೊಂಡೆ.

ಅಂದಿನಿಂದ ಕಿಟಕಿ ಮುಚ್ಚಲಿಲ್ಲ. ಮೊದಮೊದಲು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಕಟ್ಟಿಕೊಂಡೆ. ಆಮೇಲೆ ಬರೀ ಕರವಸ್ತ್ರ. ಆಮೇಲೆ ಅದನ್ನೂ ಮನೆಯಲ್ಲೇ ಮರೆತು ಬರತೊಡಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯೇ ಸುಧಾರಿಸಿದಂತೆ ಕಂಡಿತು. ಅಷ್ಟು ಕಳೆ ತೆಗೆದದ್ದು ಸಾರ್ಥಕವಾಯಿತು ಅಂದುಕೊಂಡೆ. "ಈಗ ವಾಸ್ನೇನೇ ಇಲ್ಲಮ್ಮ," ಎಂದು ಅಮ್ಮನಿಗೆ ಹೆಮ್ಮೆಯಿಂದ ಹೇಳಿಯೂ ಬಿಟ್ಟೆ.

ಅದಾಗಿ ಕೆಲವೇ ದಿನಕ್ಕೆ, ಕೆಲಸ ಮುಗಿಸಿ ಕೋಣನಕುಂಟೆಯ ಮನೆಗೆ ಹಸಿದು ಬಂದೆ. ಅಮ್ಮ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಸಿಂಕಿನ ಪಕ್ಕದ ಪಾತ್ರೆಯಲ್ಲಿ ಹುಳಿ ಇತ್ತು. ಅನ್ನಕ್ಕೆ ಸುರಿದುಕೊಂಡು ಉಂಡೆ, ಇನ್ನೊಮ್ಮೆ ಹಾಕಿಕೊಂಡೆ. ಹುಣಸೆಹಣ್ಣು ಸ್ವಲ್ಪ ಮುಂದಾಗಿದೆ ಅನ್ನಿಸಿತು, ಅಷ್ಟೇ. ಅಮ್ಮ ಬಟ್ಟೆ ಹೊತ್ತು ಬಂದವರು ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಅಯ್ಯೋ, ಅದನ್ನ ಚೆಲ್ಲಕ್ಕೆ ಅಂತ ಇಟ್ಟಿದ್ನಲ್ಲೋ! ಹಳಸಿ ಮನೆಯೆಲ್ಲ ನಾರ್ತಾ ಇದೆ. ನಿಂಗೆ ಗೊತ್ತಾಗ್ಲಿಲ್ವಾ?"

ನಾನು ಪಾತ್ರೆಯನ್ನೆತ್ತಿ ಮೂಗಿಟ್ಟು ಮೂಸಿದೆ. ಏನೂ ಇರಲಿಲ್ಲ. ಬೆರಳುಗಳನ್ನು ಆಗಲೇ ನೆಕ್ಕಿಯಾಗಿತ್ತು.