ವಿಲ್ಮಕ್ಕನ ಕಣ್ಣಳತೆ

೧೯೭೪ರ ಅಕ್ಟೋಬರ್ ೧೪, ಸೋಮವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ವಿಲ್ಮಾ ಒಪ್ರೆಶ್ನಿಕ್ ತ್ಸೆಲ್ಯೆ ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯಲ್ಲಿ ಎರಡನೇ ಕುಲುಮೆಯ ಮುಂದೆ ನಿಂತು, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಅರವತ್ತರವರೆಗೆ ಎಣಿಸುತ್ತಿದ್ದರು. ಬೀದಿದೀಪದ ಬೆಳಕು ಕಣ್ಣಿನಿಂದ ಇಳಿಯಬೇಕು, ಆಮೇಲೆ ಕುಲುಮೆಯ ಕಿಂಡಿಯೊಳಗಿನ ಕೆಂಪನ್ನು ನೋಡಬೇಕು. ಇದು ಅವರ ಇಪ್ಪತ್ತೊಂಬತ್ತು ವರ್ಷಗಳ ರೂಢಿ. ಅವರ ಅಮ್ಮನೂ ಅದೇ ಕುಲುಮೆಯ ಮುಂದೆ ಹಾಗೆಯೇ ನಿಲ್ಲುತ್ತಿದ್ದರಂತೆ.

ನಾನು ಆಗ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿ ಆರು ವಾರ. ಹಿಂದಿನ ದಿನ, ಭಾನುವಾರ, ಕುಲುಮೆಗೆ ಹೊಸ ಉಷ್ಣಮಾಪಕ ಜೋಡಿಸಿದ್ದೆ. ಕುಲುಮೆಯೊಳಗೆ ಒಂದು ಕಡ್ಡಿ, ಇಪ್ಪತ್ತು ಮೀಟರ್ ಆಚೆ ಮೇಸ್ತ್ರಿಯ ಕೋಣೆಯಲ್ಲಿ ಮುಳ್ಳಿನ ಮೀಟರು, ನಡುವೆ ತಂತಿ.

"ಎಷ್ಟಿದೆ ವಿಲ್ಮಕ್ಕ?" ಎಂದೆ.

"ನಿನ್ನ ಡಬ್ಬಿ ಎಷ್ಟು ಅಂತದೆ, ಎಂಜಿನಿಯರಮ್ಮ?"

"ಎಂಟುನೂರ ಇಪ್ಪತ್ತು. ಬಿಳಿ ಎನಾಮಲ್‌ಗೆ ಬೇಕಾದಷ್ಟೇ."

ಅವರು ಇನ್ನೊಮ್ಮೆ ಕಿಂಡಿಗೆ ಬಗ್ಗಿದರು. "ಎಂಟುನೂರ ಅರವತ್ತು. ಪಾತ್ರೆ ಹಾಕಿದ್ರೆ ಅಂಚು ಸುಡುತ್ತೆ."

ಮೇಸ್ತ್ರಿ ದ್ರಾಗೊ ಜುಪಾಂಟ್ಸ್ ಬಾಗಿಲಲ್ಲೇ ನಿಂತಿದ್ದರು. "ಏನ್ ವಿಲ್ಮಾ, ಕಣ್ಣಿಗೂ ವಯಸ್ಸಾಯ್ತಾ? ಇವತ್ತು ಮೀಟರು ಹೇಳಿದ ಹಾಗೆ ನಡೀಲಿ. ಸರಿಹೋದ್ರೆ ಒಂದನೇ ತಾರೀಖಿನಿಂದ ನೀನು ಪ್ಯಾಕಿಂಗ್‌ಗೆ. ಕೂತ್ಕೊಂಡು ಪಾತ್ರೆಗೆ ಹುಲ್ಲು ಸುತ್ತೋ ಕೆಲಸ, ಆರಾಮು."

"ಆರಾಮು ನಿನಗೇ ಇರ್ಲಿ ದ್ರಾಗೊ. ನಾನು ಹುಲ್ಲು ಸುತ್ತೋಕೆ ಹುಟ್ಟಿಲ್ಲ," ಎಂದರು ವಿಲ್ಮಕ್ಕ. ಕೊಕ್ಕೆ ಕೈಗೆತ್ತಿಕೊಂಡು ಮೊದಲ ಸಾಲಿನ ಪಾತ್ರೆಗಳನ್ನು ಒಳಗೆ ತಳ್ಳಿದರು.

ಮೇಸ್ತ್ರಿಯ ಮಾತಿನಂತೆ ಮೀಟರನ್ನೇ ನಂಬಿ ನಡೆದು, ಒಂಬತ್ತು ಗಂಟೆಯ ಹೊತ್ತಿಗೆ ಮುನ್ನೂರ ಹನ್ನೆರಡು ಪಾತ್ರೆಗಳು ಹಾಳಾಗಿದ್ದವು. ಬಿಳಿ ಹಳದಿಗೆ ತಿರುಗಿತ್ತು, ಅಂಚು ಸುಟ್ಟ ಬ್ರೆಡ್ಡಿನ ಹಾಗೆ ಕಂದು ಬಣ್ಣವಾಗಿತ್ತು. ಜುಪಾಂಟ್ಸ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಬೇಕಂತಲೇ ತಡವಾಗಿ ತೆಗ್ದಿದೀಯ. ಮೀಟರಿನ ಮರ್ಯಾದೆ ತೆಗೀಬೇಕು ಅಂತ."

"ದ್ರಾಗೊ!" ಎಂದರು ವಿಲ್ಮಕ್ಕ.

"ಒಂದನೇ ತಾರೀಖು ಯಾಕೆ, ನಾಳೆಯಿಂದಲೇ ಪ್ಯಾಕಿಂಗ್‌ಗೆ ಹೋಗು."

ಒಂಬತ್ತೂವರೆಗೆ ತಿಂಡಿಯ ಗಂಟೆ ಹೊಡೆಯಿತು. ಎಲ್ಲರೂ ಹೊರಗೆ ಹೋದರು. ನಾನು ಹೋಗಲಿಲ್ಲ. ಅವರು ಒಂದೊಂದು ಸಾಲಿಗೂ ಮೂರೂವರೆ ನಿಮಿಷಕ್ಕಿಂತ ಒಂದು ಸೆಕೆಂಡೂ ಹೆಚ್ಚು ತೆಗೆದುಕೊಂಡಿರಲಿಲ್ಲ. ಗಡಿಯಾರ ನನ್ನ ಕೈಯಲ್ಲೇ ಇತ್ತು. ಹಾಗಾದರೆ ತಪ್ಪು ಬೇರೆಲ್ಲೋ ಇರಬೇಕು. ಏಣಿ ಹತ್ತಿ ಕಡ್ಡಿಯ ಹೊರತುದಿಯ ಮುಚ್ಚಳ ಬಿಚ್ಚಿದೆ.

ಕಡ್ಡಿಯಿಂದ ಮೀಟರಿನವರೆಗೆ ಕಡ್ಡಿಯದೇ ಜಾತಿಯ ಲೋಹದ ತಂತಿ ಇರಬೇಕು. ಅದು ಸಾಲದೆ ಹೋದದ್ದರಿಂದ ನಾನು ಭಾನುವಾರ ಉಗ್ರಾಣದಲ್ಲಿ ಸಿಕ್ಕ ತಾಮ್ರದ ತಂತಿ ಎಳೆದಿದ್ದೆ. ಹಾಗೆ ಮಾಡಿದರೆ, ತಂತಿ ಸೇರುವ ಜಾಗ ಮೀಟರಿನ ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೋ ಅಷ್ಟನ್ನು ಮೀಟರು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕುಲುಮೆಯ ಗೋಡೆಯ ಬಳಿ, ತಂತಿ ಸೇರಿದ್ದ ಕಡೆ, ಅಳೆದೆ: ಐವತ್ತೆಂಟು ಡಿಗ್ರಿ. ಮೇಸ್ತ್ರಿಯ ಕೋಣೆಯಲ್ಲಿ ಇಪ್ಪತ್ತು. ಮೀಟರು ಮೂವತ್ತೆಂಟು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಸರಿಯಾದ ತಂತಿಯನ್ನು ಆ ದಿನ ಆರಿದ್ದ ಮೂರನೇ ಕುಲುಮೆಯಿಂದ ಬಿಚ್ಚಿ ತಂದು ಹಾಕಿದೆ. ಮುಳ್ಳು ೮೫೮ಕ್ಕೆ ಹೋಗಿ ನಿಂತಿತು. ವಿಲ್ಮಕ್ಕ ಹೇಳಿದ್ದು ೮೬೦.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ನನಗೆ ಆರು ವಾರದ ನೌಕರಿ, ಅವರಿಗೆ ಇಪ್ಪತ್ತೊಂಬತ್ತು ವರ್ಷ. ತಾಮ್ರದ ತಂತಿಯ ಸುರುಳಿ ಕೈಯಲ್ಲಿ ಹಿಡಿದೇ ಅಂಗಳಕ್ಕೆ ಹೋಗಿ, ತಿಂಡಿ ತಿನ್ನುತ್ತಿದ್ದ ಎಲ್ಲರ ಮುಂದೆ ಹೇಳಿದೆ. ಜುಪಾಂಟ್ಸ್ ಕೈಯಲ್ಲಿದ್ದ ಸಾಸೇಜನ್ನು ಕೆಳಗಿಟ್ಟರು.

"ಅಂದ್ರೆ... ಅವಳು ಹೇಳಿದ್ದೇ ಸರಿ?"

"ಸರಿ."

"ಹಾಗಾದ್ರೆ ಅವಳು ಕುಲುಮೆ ಹತ್ರಾನೇ ಇರ್ಲಿ," ಎಂದು ಗೊಣಗಿ ಎದ್ದು ಹೋದರು.

ವಿಲ್ಮಕ್ಕ ತಮ್ಮ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಹಂದಿ ಕೊಬ್ಬು ಸವರಿದ ಬ್ರೆಡ್ಡನ್ನು ಮುರಿದು ದೊಡ್ಡ ತುಂಡನ್ನು ನನಗೇ ಕೊಟ್ಟರು.

"ತಿನ್ನು. ಬಣ್ಣ ನೋಡೋದು ಕಲಿಸ್ತೀನಿ. ನೀನು ಆ ತಂತಿ ವಿಷಯ ನನಗೆ ಕಲಿಸು. ಡಬ್ಬಿ ಮೇಲೆ ನನಗೇನೂ ಸಿಟ್ಟಿಲ್ಲ ಕಣೇ."

ಎರಡನ್ನೂ ಮಾಡಿದೆವು. ಅವರಿಗೆ ಒಂದು ವಾರ ಸಾಕಾಯಿತು. ನನಗೆ ಎರಡು ಚಳಿಗಾಲ.

ನಮ್ಮ ತ್ಸೆಲ್ಯೆ ಊರಿನಲ್ಲಿ ಹಳೆಯದಕ್ಕೆ ಕೊರತೆಯಿಲ್ಲ. ಎಲ್ಲಿ ಅಗೆದರೂ ರೋಮನ್ನರ ಕಲ್ಲು, ಗುಡ್ಡದ ಮೇಲೆ ಹಿಂದೆ ಊರನ್ನಾಳಿದ ಕೌಂಟ್ ದೊರೆಗಳ ಕೋಟೆ, ಊರಿನ ಲಾಂಛನದಲ್ಲಿ ಅವರ ಮೂರು ಚಿನ್ನದ ನಕ್ಷತ್ರ. ವಿಲ್ಮಕ್ಕ ಹುಟ್ಟಿದ್ದು ಗಾಬೆರ್ಯೆಯಲ್ಲಿ, ಕಾರ್ಖಾನೆಯಿಂದ ಎರಡೇ ಬೀದಿ ದೂರ. ತಂದೆ ಸತುವಿನ ಕೆಲಸದವರು. "ಕೌಂಟರಿಗೆ ನಕ್ಷತ್ರ ಮೂರೇ," ಎನ್ನುತ್ತಿದ್ದರು ವಿಲ್ಮಕ್ಕ, ನಮ್ಮ ಕಾರ್ಖಾನೆಯ ನೀಲಿ ಪಾತ್ರೆಯ ಬಿಳಿ ಚುಕ್ಕಿಗಳನ್ನು ತೋರಿಸಿ. "ನಮ್ಮದನ್ನ ಎಣಿಸು ನೋಡೋಣ."

ಆ ಮುನ್ನೂರ ಹನ್ನೆರಡು ಪಾತ್ರೆಗಳನ್ನು ವಾಡಿಕೆಯಂತೆ ಎರಡನೇ ದರ್ಜೆಯೆಂದು ಕೆಲಸಗಾರರಿಗೇ ಮಾರಿದರು. ನಾನು ಒಂದನ್ನು ಕೊಂಡೆ. ಇವತ್ತು ಬೆಳಿಗ್ಗೆಯೂ ಅದರಲ್ಲೇ ಹಾಲು ಕಾಯಿಸಿದೆ. ಅದರ ಕಂದು ಅಂಚನ್ನು ನೋಡಿದಾಗೆಲ್ಲ, ನನ್ನ ತಪ್ಪನ್ನು ಮತ್ತೆಂದೂ ಎತ್ತಿ ಆಡದ ಆ ಹೆಂಗಸನ್ನು ನೆನೆಯುತ್ತೇನೆ. ಇದನ್ನು ಅವರಿಗೆ ಹೇಳಬೇಕಾಗಿತ್ತು. ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

೧೯೮೪ರಲ್ಲಿ ಅವರು ನಿವೃತ್ತರಾದ ದಿನ ಊಟದ ಸಭಾಂಗಣದಲ್ಲಿ ವೈನು, ಅಕಾರ್ಡಿಯನ್ನು, ಭಾಷಣ ಎಲ್ಲ ಇತ್ತು. ತಲೆ ಪೂರ್ತಿ ನರೆತಿದ್ದ ಜುಪಾಂಟ್ಸ್ ಲೋಟ ಎತ್ತಿ ಕೂಗಿದರು: "ನಿಜ ಹೇಳು ವಿಲ್ಮಾ. ಮೂವತ್ತೊಂಬತ್ತು ವರ್ಷದಲ್ಲಿ ನಿನ್ನ ಕಣ್ಣು ಒಂದು ಸಲಾನೂ ತಪ್ಪಲಿಲ್ವಾ?"

ತಪ್ಪಿಲ್ಲ, ತಪ್ಪಿಲ್ಲ ಎಂದು ಕುಲುಮೆಯ ಹೆಂಗಸರೆಲ್ಲ ಮೇಜು ಬಡಿದರು. ವಿಲ್ಮಕ್ಕ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು.

"ತಪ್ಪಿದೆ. ಒಂದು ಸೋಮವಾರ." ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

"ಎಷ್ಟು ತಪ್ಪಿತ್ತು?" ಎಂದರು ಜುಪಾಂಟ್ಸ್.

"ಎರಡು ಡಿಗ್ರಿ."