ಗೆರೆ ಎಳೆದ ಹಿಮ್ಮಡಿ

ಮಾಸ್ತರ ಬಲ ಹಿಮ್ಮಡಿ ಬೇಸಿಗೆಯ ಎರೆಹೊಲದಂತೆ ಸೀಳಿತ್ತು. ಅದನ್ನೇ ನೆಲಕ್ಕೊತ್ತಿ, ಹಿಂದೆ ಹಿಂದೆ ನಡೆಯುತ್ತ, ಬಯಲಿನ ನಡುವೆ ಆಟದ ಗೆರೆ ಎಳೆಯುತ್ತಿದ್ದರು. ಗೆರೆ ಎಂದೂ ನೆಟ್ಟಗಿರುತ್ತಿರಲಿಲ್ಲ. ಆ ಸೀಳುಗಳಲ್ಲಿ ತುಂಬಿರುತ್ತಿದ್ದ ಮಣ್ಣು ಒಮ್ಮೆ ಕೆಂಪಾಗಿ ನೆನಪಾಗುತ್ತದೆ, ಒಮ್ಮೆ ಕರಿದಾಗಿ. ಹಿಮ್ಮಡಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಆಗ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲುಗಳನ್ನೇ ನೋಡುತ್ತಿದ್ದೆ.

ನಮ್ಮದು ಹುಟ್ಟಿನಿಂದಲೇ ಕಳ್ಳರೆಂದು ಸರ್ಕಾರ ಬರೆದಿಟ್ಟ ಜಾತಿ. ಗೋಕಾಕ ಫಾಲ್ಸಿನಲ್ಲಿ ನಮ್ಮನ್ನು ತಂತಿಬೇಲಿ ಹಾಕಿದ ವಸಾಹತಿನ ಒಳಗೆ ಇಟ್ಟಿದ್ದರು. ಚೀಟಿ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಚೀಟಿ ಸಿಕ್ಕರೂ, ಹೋದ ಊರಿನಲ್ಲಿ ಮೊದಲು ಚಾವಡಿಗೆ ಹೋಗಿ ಪಾಟೀಲರಿಗೆ ಮುಖ ತೋರಿಸಬೇಕು. ಬೆಳಿಗ್ಗೆ, ಸಂಜೆ ಹಾಜರಿ. ಹೆಸರು ಕೂಗುತ್ತಿದ್ದವರು ಇವರು, ಘೋಡಗೇರಿಯ ಕುರುಬರ ಮನೆತನದವರು, ನಮಗೆಲ್ಲ ಹಾಜರಿ ಮಾಸ್ತರು. ಸಂಜೆಯ ಹಾಜರಿ ಮುಗಿದದ್ದೇ ಪುಸ್ತಕವನ್ನು ಕಲ್ಲಿನ ಮೇಲಿಟ್ಟು, ಅದು ಹಾರದಂತೆ ತಮ್ಮ ರುಮಾಲು ಹೇರಿ, ಹುಡುಗರನ್ನು ಹುತುತು, ಅಂದರೆ ಕಬಡ್ಡಿ, ಆಡಿಸುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ.

ನನಗೆ ಹದಿನಾಲ್ಕು. ಚೀಟಿಯಿಲ್ಲದೆ ಹುಕ್ಕೇರಿಗೆ ಹೋದ ಅಪ್ಪನನ್ನು ಜೈಲಿಗೆ ಒಯ್ದಿದ್ದರು. ಅಂದಿನಿಂದ ನನಗೆ ಮಾತು ನಿಂತಿತ್ತು. ಹಾಜರಿಯಲ್ಲಿ ನನ್ನ ಹೆಸರು ಬಂದರೆ ಹಿಂದೆ ನಿಂತ ಗೆಳೆಯ "ಹಾಜರ್" ಎನ್ನುತ್ತಿದ್ದ. ಮಾಸ್ತರು ತಲೆ ಎತ್ತದೆ ಗುರುತು ಹಾಕುತ್ತಿದ್ದರು. ಆದರೆ ಅಮಾವಾಸ್ಯೆ ಕಳೆದ ಮೇಲೆ ದೊಡ್ಡ ಸಾಹೇಬ ತಾನೇ ಎದುರು ನಿಂತು ಹಾಜರಿ ಕೇಳುವವನಿದ್ದ. ಉತ್ತರ ಕೊಡದ ಹುಡುಗರನ್ನು ಅವ್ವನಿಂದ ಬಿಡಿಸಿ ದೂರದ ವಸಾಹತಿಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಮಾಸ್ತರು ನನ್ನನ್ನು ಆಟಕ್ಕೆ ಎಳೆದರು.

"ಈ ಮೂಗನ್ನ ಯಾಕ ಕರದ್ರಿ ಮಾಸ್ತರ? ದಮ್ಮ ಹಾಕಾಕ ಬಾಯಿ ಬೇಕಲ್ರಿ!" ಎಂದ ಗೆಳೆಯ.

"ನಿನಗ ಎರಡು ಅದಾವಲ್ಲ, ಒಂದು ಅವಗ ಕೊಡು" ಎಂದು ಅವನ ಬಾಯಿ ಮುಚ್ಚಿಸಿ ನನ್ನತ್ತ ತಿರುಗಿದರು. "ಲೇ ತಮ್ಮಾ, ಹುತುತು ಅಂದ್ರ ಯಾರಿಗೂ ಉತ್ತರ ಕೊಟ್ಟಂಗಲ್ಲ. ಬರೇ ಉಸಿರು. ಅದಕ್ಕೊಂದ ಸಪ್ಪಳ, ಅಷ್ಟ."

ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಗೆರೆ ದಾಟಿ, ಎದುರಿನವರನ್ನು ಮುಟ್ಟಿ, ಉಸಿರು ಹರಿಯುವ ಮೊದಲು ಮರಳಬೇಕು. ನಾನು ತುಟಿ ಮಾತ್ರ ಆಡಿಸುತ್ತಿದ್ದೆ. "ಕೇಳಿಸಲಿಲ್ಲ. ಸತ್ತಿ, ಹೊರಗ ನಡಿ" ಎನ್ನುತ್ತಿದ್ದರು. ನಮ್ಮ ಕಡೆಯವರು ಎದುರಿನ ಒಬ್ಬನನ್ನು ಆಟದಲ್ಲಿ ಸಾಯಿಸಿದರೆ, "ಎದ್ದ ಬಾ" ಎಂದು ಅದೇ ದನಿಯಲ್ಲಿ ಕರೆಯುತ್ತಿದ್ದರು. ಕರುಣೆ ಎರಡರಲ್ಲೂ ಇರಲಿಲ್ಲ. ಹೀಗೆ ದಿನವೂ ಹಲವು ಸಲ ಸತ್ತೆ, ಹಲವು ಸಲ ಎದ್ದೆ.

ಒಂದು ಸಂಜೆ ಬೇಲಿಯಾಚೆಯ ಗಿರಣಿ ಚಾಳಿನ ಹುಡುಗರನ್ನು ಕರೆತಂದರು. ಅಂದು ನಮ್ಮೆಲ್ಲರ ಗುಟ್ಟು ಬಯಲಾಯಿತು. ಹೊರಗಿನವರು ಕೈ ಹಿಡಿದದ್ದೇ ತಡ, ನಮ್ಮಲ್ಲಿ ಒಬ್ಬೊಬ್ಬನೂ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಮೊಣಕಾಲು ತಾನಾಗಿಯೇ ಮಡಚಿಕೊಳ್ಳುತ್ತಿತ್ತು.

"ಇವ್ರೇನ ಆಡಾಕ ಬಂದಾರೋ, ಹೇಲಾಕ ಬಂದಾರೋ!" ಎಂದು ಚಾಳಿನವರು ನಕ್ಕರು.

ಮಾಸ್ತರು ನಗಲಿಲ್ಲ. ನನ್ನೆದುರು ತಾವೂ ಹಾಗೆಯೇ ಕೂತರು. "ಇದನ್ನ ಯಾರ ಕಲಿಸಿದ್ರು?"

"ನಮ್ಮ ಅವ್ವಾರು ರೀ" ಎಂದ ಗೆಳೆಯ. "ಪೊಲೀಸರು ಹಿಡದ್ರ ಕುಂದರಬೇಕು, ಅಂದ್ರ ಹೊಡತ ಕಡಿಮಿ."

"ಚಲೋ ಕಲಿಸ್ಯಾರ" ಎಂದರು. ಎದ್ದು ನಿಂತು, "ಅಲ್ಲಿ ಕುಂದರ್ರಿ. ಇಲ್ಲಿ ಬ್ಯಾಡ. ಇಲ್ಲಿ ಹಿಡದವ್ರು ಆಟ ಮುಗದ ಮ್ಯಾಲ ಬಿಡ್ತಾರ" ಎಂದರು.

ಸಾಹೇಬ ಬರುವ ಹಿಂದಿನ ಸಂಜೆ ಆಟದಲ್ಲಿ ಎದುರಿನ ಮೂವರು ನನ್ನ ಕಾಲು, ಸೊಂಟ ಹಿಡಿದು ಕೆಡವಿದರು. ನಾನು ಕೂರಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತಿದ್ದಾಗ ಹುತುತು ಎಂಬ ಸದ್ದು ಕೇಳಿಸಿತು. ಅದು ನನ್ನದೆಂದು ತಿಳಿಯಲು ಹೊತ್ತು ಬೇಕಾಯಿತು. ಕೈ ಚಾಚಿದೆ. "ಗೆರಿ ಮುಟ್ಟ್ಯಾನ! ಮೂರೂ ಮಂದಿ ಸತ್ರಿ!" ಎಂದು ಮಾಸ್ತರು ಕೂಗಿದರು. ನನ್ನ ಬೆರಳಿಗೆ ಗೆರೆ ತಾಗಿದ ನೆನಪು ಸ್ಪಷ್ಟವಾಗಿದೆ. ಗೆಳೆಯ ಇಂದಿಗೂ ಒಪ್ಪುವುದಿಲ್ಲ: "ಒಂದು ಗೇಣು ಕಡಿಮಿ ಇತ್ತೋ. ಮಾಸ್ತರು ಸುಳ್ಳ ಹೇಳಿದ್ರು." ನನ್ನ ನೆನಪಿಗಿಂತ ನಾನು ಅವನನ್ನೇ ಹೆಚ್ಚು ನಂಬುತ್ತೇನೆ.

ಮರುದಿನ ಸಾಹೇಬನೆದುರು ನನ್ನ ಹೆಸರು ಬಂತು. ಉಸಿರು ತುಂಬಿಕೊಂಡೆ. "ಹಾಜರ್ ಹಾಜರ್ ಹಾಜರ್ ಹಾಜರ್." ನಿಲ್ಲಿಸುವುದು ಹೇಗೆಂದು ತಿಳಿಯದೆ ಉಸಿರು ಮುಗಿಯುವ ತನಕ ಕೂಗಿದೆ. ಸಾಲಿನಲ್ಲಿ ನಗು ಹರಡಿತು. ಮಾಸ್ತರು ಅಂದೂ ತಲೆ ಎತ್ತಲಿಲ್ಲ. ಗುರುತು ಹಾಕಿ, ಮುಂದಿನ ಹೆಸರು ಕೂಗಿದರು. ನಾನು ಅವ್ವನ ಹತ್ತಿರ ಉಳಿದೆ.

ಎಷ್ಟೋ ವರ್ಷಗಳ ಮೇಲೆ ನಮ್ಮನ್ನು ಕಳ್ಳರೆಂದ ಆ ಕಾಯ್ದೆ ಹೋಯಿತು, ಬೇಲಿ ಕಿತ್ತರು. ಕೆಲವೇ ದಿನಗಳಲ್ಲಿ ಮಾಸ್ತರು ತೀರಿಕೊಂಡ ಸುದ್ದಿ ಬಂತು. ಚೀಟಿಯಿಲ್ಲದೆ ಘೋಡಗೇರಿಗೆ ನಡೆದೆ. ಊರು ಮುಟ್ಟಿದಾಗ ಕಾಲು ತಾನಾಗಿ ಚಾವಡಿಯ ಕಡೆ ತಿರುಗಿತು. ಪಾಟೀಲರು ಇರಲಿಲ್ಲ. ಮುಖ ತೋರಿಸದೆ ಊರೊಳಗೆ ಹೋಗುವುದು ಹೇಗೆ? ಕಾದೆ. ನೆರಳು ಸರಿದು ಬಿಸಿಲು ನನ್ನ ಮೇಲೆ ಬಂತು. ಕೊನೆಗೆ ಪಾಟೀಲರು ಒದ್ದೆ ಧೋತರದಲ್ಲಿ ಬಂದರು.

"ಯಾರಪಾ ನೀ? ಯಾರನ್ನ ನೋಡಾಕ ಬಂದಿ?"

"ಹಾಜರಿ ಮಾಸ್ತರನ್ರಿ."

"ಅವ್ರಿಗೆ ಮಣ್ಣ ಕೊಟ್ಟ ಈಗ ಬಂದ್ವಿ. ನೀ ಇಲ್ಲಿ ಹಿಂಗ್ಯಾಕ ಕುಂತಿ?"

ಆಗ ನೋಡಿಕೊಂಡೆ. ಕುಕ್ಕರುಗಾಲಲ್ಲಿ ಕೂತಿದ್ದೆ. ಯಾರೂ ನನ್ನನ್ನು ಹಿಡಿದಿರಲಿಲ್ಲ.