ಕಾಲು ತೋಯಿಸಿಕೊಂಡು ಬಂದವನು

ಮಸ್ಕಿಯ ಕರಿಬಸಯ್ಯ ಇಪ್ಪತ್ತೆರಡು ವರ್ಷ ಬಾಯಿಂದಲೇ ಬದುಕಿದ ಮನುಷ್ಯ. ಗೆಳೆಯ ಕರೀಂಸಾಬನ ಆಟೋದ ಮೇಲೆ ಎರಡು ಲೌಡ್‌ಸ್ಪೀಕರ್, ಹಿಂದಿನ ಸೀಟಿನಲ್ಲಿ ಮೈಕು ಹಿಡಿದ ಕರಿಬಸಯ್ಯ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಸುತ್ತಿನಲ್ಲಿ ಸೀರೆ ಅಂಗಡಿ ತೆರೆದರೂ ಅವನ ದನಿ, ಪೋಲಿಯೊ ಹನಿ ಹಾಕಿದರೂ ಅವನ ದನಿ, ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಹೊತ್ತು ತಿಳಿಸುವುದೂ ಅವನ ದನಿ. ಹಾಗಂತ ಅದೇನು ಇಂಪಾದ ದನಿಯಲ್ಲ. ಸ್ವಲ್ಪ ಒಡಕು, ಅರ್ಧ ಮೂಗಿನಿಂದ ಬರುವಂಥದ್ದು. ಆದರೂ ಜನ ನಂಬುತ್ತಿದ್ದರು, ಏಕೆಂದರೆ ಕಣ್ಣಾರೆ ಕಾಣದ್ದನ್ನು ಅವನು ಸಾರುತ್ತಿರಲಿಲ್ಲ. ಹೋಟೆಲಿನವರು ಕರೆದರೆ ಮೊದಲು ಒಂದು ತಟ್ಟೆ ಇಡ್ಲಿ ತಿಂದು ನೋಡುತ್ತಿದ್ದ. ರುಚಿ ಸರಿಬಾರದೆ ಮೈಕು ಮುಟ್ಟದೆ ಎದ್ದು ಬಂದದ್ದೂ ಉಂಟು. ತಿಂದ ಇಡ್ಲಿಯನ್ನು ಮಾತ್ರ ವಾಪಸು ಕೊಡುತ್ತಿರಲಿಲ್ಲ ಎಂದು ಕರೀಂಸಾಬ್ ಕಾಡಿಸುತ್ತಿದ್ದ.

ಇಷ್ಟೆಲ್ಲ ಸಾರಿದರೂ ಜನ ನಿಜವಾಗಿ ಕಾಯುತ್ತಿದ್ದದ್ದು ವರ್ಷಕ್ಕೊಮ್ಮೆ ಅವನು ಹೇಳುವ ಒಂದೇ ಮಾತಿಗೆ. ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಅವನು ಮೇಲಿನ ತೂಬಿನವರೆಗೆ ಹೋಗಿ, ಚಪ್ಪಲಿ ಬಿಚ್ಚಿ, ಮೊಣಕಾಲವರೆಗೆ ನೀರಿಗಿಳಿದು, ಆಮೇಲೆ ಕೊನೆಯ ಭಾಗದ ಹಳ್ಳಿಗಳಿಗೆ ಬರುತ್ತಿದ್ದ. "ನೀರು ಬಂದಾವ್ರೋ! ಕಾಲು ತೋಯಿಸ್ಕೊಂಡು ಬಂದು ಹೇಳಾಕತ್ತೀನಿ, ನಾ ಕರಿಬಸಯ್ಯ!" ತೂಬಿನಿಂದ ಕೊನೆಯ ಹೊಲಕ್ಕೆ ನೀರು ಮುಟ್ಟಲು ಒಂದು ದಿನ ಬೇಕು. ಮುಟ್ಟಿದರೂ ನಿಲ್ಲುವುದು ಸ್ವಲ್ಪವೇ ಹೊತ್ತು. ಅದಕ್ಕೇ ಆ ಕಡೆಯ ಹೆಂಗಸರು ಅವನ ಒದ್ದೆ ಕಾಲು ಕಂಡ ಕೂಡಲೇ ಮಡಿಯಿಂದ ಭತ್ತದ ಸಸಿ ಕಿತ್ತು, ಕಟ್ಟು ಕಟ್ಟಿ, ಬದುವಿನ ಮೇಲೆ ಜೋಡಿಸಿಟ್ಟು, ನೀರು ಬಂದ ಗಳಿಗೆಯಲ್ಲೇ ನಾಟಿಗೆ ಇಳಿಯುತ್ತಿದ್ದರು. ಕಿತ್ತ ಸಸಿ ಹೆಚ್ಚು ದಿನ ತಡೆಯುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಮಾತು ಹುಸಿ ಹೋಗಿರಲಿಲ್ಲ.

ಹೋದ ವರ್ಷ ಗಂಟಲಲ್ಲಿ ಗಂಟಾಯಿತು. ದೊಡ್ಡ ದವಾಖಾನೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕೊರಳಲ್ಲಿ ಒಂದು ತೂತು ಬಿಟ್ಟು, ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿ ಮನೆಗೆ ಕಳಿಸಿದರು. ಜೀವ ಉಳಿಯಿತು. ಐದು ತಿಂಗಳು ಅವನು ಮನೆಯ ಪಡಸಾಲೆಯಲ್ಲಿ ಕೂತು, ಬೀದಿಯಲ್ಲಿ ಯಾವ ಆಟೋ ಕೂಗಿದರೂ ಮುಖ ಆಚೆ ತಿರುಗಿಸಿದ. ಹೆಂಡತಿ ಕಸ್ತೂರೆಮ್ಮ ಅಡಿಗೆಮನೆಯಿಂದ ಏನಾದರೂ ಕೇಳಿ, ಉತ್ತರ ಬರುವುದಿಲ್ಲವೆಂಬುದು ನೆನಪಾಗಿ, ತಾನೇ ಹೊರಗೆ ಬಂದು ಮುಖ ನೋಡುತ್ತಿದ್ದಳು. ಗಂಡನ ಮೌನಕ್ಕಿಂತ ತನ್ನ ಮರೆವೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ಆಗ ಬಂದವನು ಆಂಜನೇಯ. ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದೆ ಅವನದೊಂದು ರೆಕಾರ್ಡಿಂಗ್ ಸ್ಟುಡಿಯೊ. ಕರಿಬಸಯ್ಯನ ಹಳೆಯ ಪ್ರಚಾರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ.

"ಅಯ್ಯನೋರೇ, ಈಗ ಎಐ ಅಂತ ಬಂದೈತ್ರೀ. ಹಳೇ ರೆಕಾರ್ಡಿಂಗ್ ಕೇಳ್ಸಿದ್ರ ನಿಮ್ಮ ದನಿ ಕಲೀತೈತಿ. ಮನ್ಯಾಗಿನವರ ಹೆಸರೂ ಅದಕ್ಕ ಕಲಿಸ್ತೀನಿ. ನಾಕು ಅಕ್ಷರ ಒತ್ರಿ, ಪೂರ್ತಿ ಮಾತು ಅದ ಆಡ್ತೈತಿ. ನಿಮಗ ಫೋನಿನಾಗ ದನಿ, ನನಗ ಆಟೋದಾಗ ದನಿ. ಒಪ್ಪಿಗಿ ಅನ್ನೋದು ಒತ್ತಿಬಿಡ್ರಿ."

ಕರಿಬಸಯ್ಯ ಒತ್ತಿದ. ಮುಳುಗುವವನು ಚಾಚಿದ ಕೈ ಯಾರದೆಂದು ವಿಚಾರಿಸುತ್ತಾನೆಯೇ? ಮೊದಲ ದಿನ ಫೋನಿನಲ್ಲಿ 'ಚಾ' ಎಂದಷ್ಟೇ ಬರೆದ. ಫೋನು ಅವನದೇ ಒಡಕು ದನಿಯಲ್ಲಿ, "ಕಸ್ತೂರೀ, ಒಂದು ಗುಟುಕು ಚಾ ಕೊಡ್ತೀಯೇನು?" ಎಂದಿತು. ಕಸ್ತೂರೆಮ್ಮನ ಕೈಯಲ್ಲಿದ್ದ ಸೌಟು ಬಿತ್ತು. ಅವಳು ಬಾಗಿಲಿಗೆ ಬಂದು ನಿಂತು ಅತ್ತಳು, ಆಮೇಲೆ ನಕ್ಕಳು.

"ಇಷ್ಟು ಚಂದಾಗಿ ನೀವು ಎಂದರ ಕೇಳಿದ್ರೇನ್ರೀ? ಚಾ ತಾ ಅಂತಿದ್ರಿ, ಅಷ್ಟ."

ಅದು ನಿಜವಾಗಿತ್ತು. 'ಚಾ' ಎಂಬುದರ ಹಿಂದೆ ಮುಂದೆ ಇದ್ದದ್ದೆಲ್ಲ ಯಂತ್ರ ಸೇರಿಸಿದ ಮಾತು. ಆಗ ಇಬ್ಬರಿಗೂ ಅದೊಂದು ಉಡುಗೊರೆಯಂತೆ ಕಂಡಿತು. ಆಂಜನೇಯನ ಆಟೋ ಏರಿ ಸಿಂಧನೂರು ಕಡೆಯ ಆಂಧ್ರ ವಲಸಿಗರ ಕ್ಯಾಂಪುಗಳಲ್ಲಿ ಆ ದನಿ ತೆಲುಗಿನಲ್ಲೂ ಸಾರಿತು. ಕರಿಬಸಯ್ಯನಿಗೆ ಬರುತ್ತಿದ್ದ ತೆಲುಗೆಂದರೆ ಊಟ ಆಯಿತೇ ಎಂದು ಕೇಳುವಷ್ಟು. ಒಂದು ದಿನ ಲಿಂಗಸುಗೂರಿನ ಚಹದಂಗಡಿಯಲ್ಲಿ ಕೂತಿದ್ದಾಗ ಸ್ಟುಡಿಯೊದ ಆಟೋ ಎದುರಿನ ರಸ್ತೆಯಲ್ಲೇ ಹೋಯಿತು. ಅವನ ದನಿ ಯಾವುದೋ ಹೋಟೆಲಿನ ಬಿರಿಯಾನಿಯನ್ನು ಬಾಯಿ ತುಂಬ ಹೊಗಳುತ್ತಿತ್ತು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಜಂಗಮರ ಅಯ್ಯ ಅವನು. ಪಕ್ಕದಲ್ಲಿದ್ದವರು ಅವನ ಮುಖ ನೋಡಿ ನಕ್ಕರು. ಅವನೂ ನಗಲು ನೋಡಿದ. ಒಳಗೆ ಮಾತ್ರ ಯಾರೋ ತನ್ನ ಅಂಗಿ ತೊಟ್ಟುಕೊಂಡು ಊರು ಸುತ್ತುತ್ತಿದ್ದಾರೆ ಅನ್ನಿಸಿತು. ಅಂದೇ ಹೋಗಿ ಆಂಜನೇಯನನ್ನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಫೋನಿನ ದನಿಗೂ ಕುತ್ತು ಬಂದೀತೆಂಬ ಹೆದರಿಕೆ.

ಈ ವರ್ಷ ಕಾಲುವೆಯ ನೀರು ತಡವಾಯಿತು. ಕರಿಬಸಯ್ಯ ಹೆಂಡತಿಯೊಂದಿಗೆ ರಾಯಚೂರಿಗೆ ಗಂಟಲು ತೋರಿಸಲು ಹೋಗಿ, ಸಂಬಂಧಿಕರ ಮನೆಯಲ್ಲಿ ಮೂರು ದಿನ ಉಳಿದ. ಮರಳಿ ಬಂದು ಬಸ್ ಇಳಿದರೆ ಕರೀಂಸಾಬ್ ನಿಂತಿದ್ದ. ಯಾವತ್ತೂ ಎದುರಿಗೇ ಒಂದು ಚೇಷ್ಟೆ ಮಾಡುವವನು ಆ ದಿನ ಮುಖ ಇಳಿಬಿಟ್ಟಿದ್ದ.

"ಅಯ್ಯಾ, ನೀ ನೀರಿನ ಮಾತು ಹೇಳಿದ್ದೇನು?"

ಕರಿಬಸಯ್ಯ ಇಲ್ಲವೆಂದು ತಲೆಯಾಡಿಸಿದ.

"ನಿನ್ನ ದನಿ ಹೇಳ್ಯದ. ಮೊನ್ನೆ ಸ್ಟುಡಿಯೊದ ಆಟೋ ಕೊನೀ ಹಳ್ಳಿಗೆಲ್ಲಾ ಹೋಗಿ ಕೂಗ್ಯದ. ಕಾಲು ತೋಯಿಸ್ಕೊಂಡು ಬಂದೀನಿ ಅಂತ. ನೀರಂತೂ ಒಂದು ಹನಿ ಇಲ್ಲ."

ಕಸ್ತೂರೆಮ್ಮನನ್ನು ಮನೆಗೆ ಬಿಟ್ಟು ಇಬ್ಬರೂ ನೇರ ಆದೆಮ್ಮನ ಹೊಲಕ್ಕೆ ಹೋದರು. ಕಾಲುವೆಯ ತೀರಾ ಕೊನೆಗೆ ಒಂದೂವರೆ ಎಕರೆ ಇಟ್ಟುಕೊಂಡ, ಊರಿನ ನಾಟಿ ಗುಂಪನ್ನು ಮುಂದೆ ನಿಂತು ನಡೆಸುವ ಹೆಂಗಸು ಅವಳು. ಬದುವಿನ ಮೇಲೆ ಸಸಿಯ ಕಟ್ಟುಗಳು ಸಾಲಾಗಿ ಬಿದ್ದಿದ್ದವು, ಸುತ್ತಿದ್ದ ಒದ್ದೆ ಗೋಣಿಯೂ ಒಣಗಿತ್ತು. ಸಸಿಯ ತುದಿ ಹಳದಿಯಾಗಿ ಸುರುಳಿ ಸುತ್ತಿತ್ತು. ಗುಂಪಿನ ನಾಲ್ಕೈದು ಹೆಂಗಸರು ಸುಮ್ಮನೆ ಕೂತಿದ್ದರು. ಆದೆಮ್ಮ ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ.

"ಅಯ್ಯನೋರೇ, ನೀವು ಹೇಳಿದ್ರಿ ಅಂತ ಕಿತ್ತೀನ್ರಿ. ಬ್ಯಾರೆ ಯಾರರ ಹೇಳಿದ್ರ ಕೀಳ್ತಿದ್ದಿಲ್ಲ."

ಅವನು ಫೋನಿನ ಮೇಲೆ ಬರೆದ: 'ಆದೆಮ್ಮ, ನಾನಲ್ಲ. ನೀರು ಬಂದಿಲ್ಲ. ತಪ್ಪಾಯಿತು.' ಫೋನನ್ನು ಅವಳ ಮುಂದೆ ಹಿಡಿದ.

"ಆದೆಮ್ಮಾ, ಅದು ನಾನಲ್ಲವ್ವಾ," ಎಂದಿತು ಫೋನು. "ಕಾಲುವಿಗೆ ನೀರು ಬಂದಿಲ್ಲ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋ. ಕಾಲು ತೋಯಿಸ್ಕೊಂಡು ಬಂದು ಹೇಳಾಕತ್ತೀನಿ, ನಾ ಕರಿಬಸಯ್ಯ!"

ಕೊನೆಯ ಮಾತನ್ನು ಅದು ಹಳೆಯ ಹುರುಪಿನಲ್ಲೇ ಕೂಗಿತು. ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ ಬಿದ್ದವು. ಕಣಕಾಲಿನವರೆಗೆ ಒಣ ಧೂಳು. ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕುಬಿಟ್ಟಳು. ಕರಿಬಸಯ್ಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದೆಮ್ಮ ಮಾತ್ರ ನಗಲಿಲ್ಲ. "ಅದೂ ನಿಮ್ಮ ದನಿ, ಇದೂ ನಿಮ್ಮ ದನಿ. ಯಾವುದಕ್ಕ ಕಿವಿಗೊಡ್ಲಿ ಹೇಳ್ರಿ?" ಎಂದಳು.

ಸಿಂಧನೂರಿಗೆ ಹೋದರೆ ಆಂಜನೇಯ ಹೆದರಿ ಬಿಳಿಚಿಕೊಂಡಿದ್ದ. ಕೆಟ್ಟವನಲ್ಲ ಪಾಪ, ಮಾಡಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

"ಇವತ್ತು ನೀರು ಬಿಡಬಹುದು ಅಂತ ಮೊನ್ನೆ ರೈತರ ವಾಟ್ಸಾಪ್ ಗುಂಪಿನಾಗ ಒಂದು ಮೆಸೇಜ್ ಬಂತ್ರೀ. ಚಲೋ ಸುದ್ದಿ, ಸಾರಿಬಿಡೋಣು ಅಂತ 'ಕಾಲುವೆಗೆ ನೀರು, ಇವತ್ತು' ಅಂತ ಒತ್ತೀನಿ. ಕಾಲು ತೋಯಿಸೋ ಮಾತು ನಾ ಬರದಿಲ್ರೀ, ನಮ್ಮವ್ವನ ಆಣಿ. ಹಳೇ ರೆಕಾರ್ಡಿಂಗಿನಾಗ ನೀರು ಅಂದ ಕಡೆಲ್ಲಾ ಆ ಮಾತೈತಲ್ರೀ, ಅದ ತಾನ ಸೇರಿಸ್ಯದ."

ಕರಿಬಸಯ್ಯ ಫೋನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಬರೆದ: ಆ ಮಾತೊಂದನ್ನು ತೆಗೆ.

"ಅದನ್ನ ಎಲ್ಲಿ ಇಟ್ಕೊಂಡೈತೋ ನನಗೂ ಗೊತ್ತಾಗಂಗಿಲ್ರೀ."

ಹಾಗಾದರೆ ದನಿಯನ್ನೇ ತೆಗೆ, ಎಂದು ಕೆಳಗೆ ಬರೆದ.

ಆಂಜನೇಯ ತಲೆ ತುರಿಸಿಕೊಂಡ. "ಆಟೋದ್ದೂ ನಿಮ್ಮ ಫೋನಿಂದೂ ಒಂದ ಅದಾವ್ರೀ. ತೆಗದ್ರ ಎರಡೂ ಹೋಗ್ತಾವ. ಬೇಕಾರ ಫೋನಿಗೆ ಬ್ಯಾರೆಯವರ ದನಿ ಹಾಕ್ಕೊಡ್ಲೇನು?" ಎಂದು ಒಂದನ್ನು ಕೇಳಿಸಿದ. ನುಣುಪಾದ, ಯಾವ ಊರಿನದೂ ಅಲ್ಲದ ದನಿ. ಆ ದನಿಯಲ್ಲಿ ಕಸ್ತೂರಿಯನ್ನು ಕರೆಯುವುದನ್ನು ನೆನೆದೇ ಕರಿಬಸಯ್ಯನಿಗೆ ಮೈ ಮುಳ್ಳೆದ್ದಿತು. ಇಟ್ಟುಕೊಂಡರೆ ತಾನು ಹೇಳದ್ದನ್ನೆಲ್ಲ ಹೇಳುತ್ತದೆ, ಬಿಟ್ಟರೆ ಹೇಳಬೇಕಾದದ್ದೂ ಹೋಗುತ್ತದೆ. ಎತ್ತ ತಿರುಗಿದರೂ ಗೋಡೆ. ನಾಳೆ ಬರುತ್ತೇನೆಂದು ಬರೆದಿಟ್ಟು ಎದ್ದ.

ಮನೆಯಲ್ಲಿ ಎರಡು ಹಾಳೆ ತುಂಬ ಬರೆದು ಹೆಂಡತಿಯ ಮುಂದಿಟ್ಟ. ಕಸ್ತೂರೆಮ್ಮ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದಳು. ಹಳೆಯ ರೆಕಾರ್ಡಿಂಗುಗಳೇನೋ ಉಳಿಯುತ್ತವೆ, ಆದರೆ ಅವುಗಳಲ್ಲಿ ಇರುವುದೆಲ್ಲ ಸೀರೆ, ಪೋಲಿಯೊ, ಸಾವು, ನೀರು. ಅವಳ ಹೆಸರು ಒಂದರಲ್ಲೂ ಇಲ್ಲ. ಇಪ್ಪತ್ತೆರಡು ವರ್ಷ ಊರ ಹೆಸರನ್ನೆಲ್ಲ ಕೂಗಿದವನು ಹೆಂಡತಿಯ ಹೆಸರನ್ನು ಮೈಕಿನಲ್ಲಿ ಯಾಕೆ ಕೂಗಿಯಾನು?

"ಬ್ಯಾಡ ಅಂತ ನಾ ಅನ್ನಂಗಿಲ್ರೀ," ಎಂದಳು. "ಹೂಂ ಅನ್ನಾಕೂ ಬಾಯಿ ಬರವಲ್ದು. ಆದೆಮ್ಮನ ಮಾರಿ ನೆನೆಸ್ಕೊಂಡು ನೀವು ಊಟ ಮಾಡಂಗಿಲ್ಲ ಅಂಬೋದು ನನಗ ಗೊತ್ತೈತಿ. ಒಂದ ಸಲ ನನ್ನ ಹೆಸರು ಕರದು ಹೋಗ್ರಿ."

ಅವನು ಹೆಸರನ್ನಷ್ಟೇ ಬರೆದ. ಇದಕ್ಕೂ ಅದು ಏನಾದರೂ ಸೇರಿಸೀತೆಂಬ ಹೆದರಿಕೆ. "ಕಸ್ತೂರೀ," ಎಂದಿತು ಫೋನು, ಅಷ್ಟೇ. ಅವಳು "ಹೂಂ" ಎಂದಳು. ಮರುದಿನ ಬೆಳಿಗ್ಗೆ ಅವನು ಸಿಂಧನೂರಿಗೆ ಹೋಗಿ, ಆಂಜನೇಯನ ಪಕ್ಕದಲ್ಲಿ ನಿಂತು ದನಿಯನ್ನು ತೆಗೆಸಿ ಬಂದ.

ತೆಗೆಸಿದರೂ ಅದು ಬಿಡಲಿಲ್ಲ. ನೀರಿನ ಆ ಸುಳ್ಳು ಸಾರಣೆಯನ್ನು ಯಾರೋ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅದು ಊರಿಂದೂರಿಗೆ ತಿರುಗಿ ಕೊನೆಗೆ ಕರೀಂಸಾಬನ ಫೋನಿಗೇ ಬಂದು ಬಿತ್ತು. ಬಸ್‌ಸ್ಟ್ಯಾಂಡಿನ ಹುಡುಗರು ಅವನನ್ನು ಕಂಡರೆ ಅದನ್ನೇ ಹಚ್ಚಿ, ಕಾಲು ನೋಡುತ್ತಿದ್ದರು. ಅದು ನಾನಲ್ಲ ಎಂದು ಕೂಗಿ ಹೇಳಲು ಅವನಲ್ಲಿ ಈಗ ಆ ಕಳ್ಳ ದನಿಯೂ ಇರಲಿಲ್ಲ.

ದನಿ ತೆಗೆಸಿದ ಒಂಬತ್ತನೇ ದಿನ ನೀರು ನಿಜವಾಗಿ ಬಂತು. ಕರಿಬಸಯ್ಯ ಮೇಲಿನ ತೂಬಿಗೆ ಹೋಗಿ ಮೊಣಕಾಲವರೆಗೆ ಇಳಿದ. ಕೆಂಪು ನೀರು ಧೋತರದ ಅಂಚು ಹಿಡಿದೆಳೆಯಿತು. ಆಟೋದಲ್ಲಿ ಬರುವಷ್ಟರಲ್ಲಿ ಕಾಲು ಒಣಗುತ್ತದೆಂದು ಒಂದು ಕೊಡ ತುಂಬಿಕೊಂಡು ಬಂದು, ಆದೆಮ್ಮನ ಬಾಗಿಲಲ್ಲಿ ನಿಂತು ಕಾಲಿನ ಮೇಲೆ ಸುರಿದುಕೊಂಡ. ಅವಳ ತವರು ದಢೇಸುಗೂರಿನಲ್ಲಿ ಮಿಕ್ಕ ಸಸಿ ಇತ್ತು. ಅದನ್ನು ಕೀಳಿಸಬೇಕೋ ಬೇಡವೋ ಎಂದು ಅವಳು ದಿನಾ ಕಾಯುತ್ತಿದ್ದಳು. ಈ ಸಸಿಯೂ ಒಣಗಿದರೆ ಆ ವರ್ಷಕ್ಕೆ ಮತ್ತೆ ಸಸಿ ಇಲ್ಲ.

ಅವಳು ಅವನ ಕಾಲು ನೋಡಿದಳು, ಕೊಡ ನೋಡಿದಳು, ಮುಖ ನೋಡಿದಳು.

"ತಪ್ಪು ತಿಳೀಬ್ಯಾಡ್ರಿ ಅಯ್ಯನೋರೇ," ಎಂದು ಸೆರಗು ಸಿಗಿಸಿಕೊಂಡಳು. "ನಾನೂ ಬಂದು ನೋಡ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತನ್ನು ಪರೀಕ್ಷೆ ಮಾಡಲು ಯಾರೂ ಆಟೋ ಹತ್ತಿರಲಿಲ್ಲ. ಅವಳದು ಸರಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ದಾರಿಯುದ್ದಕ್ಕೂ ಅವಳ ಕಡೆ ಮುಖ ತಿರುಗಿಸಲಿಲ್ಲ. ಕರೀಂಸಾಬ್ ಕನ್ನಡಿಯಲ್ಲಿ ಅವನ ಮುಖ ನೋಡಿ ಆಟೋದ ವೇಗ ಹೆಚ್ಚಿಸಿದ.

ಮೇಲಿನ ತೂಬಿನ ಬಳಿ ಆದೆಮ್ಮ ಕಾಲುವೆಗೆ ಇಳಿದಳು. ಸೀರೆ ಎತ್ತಿಕಟ್ಟಿ ಮೊಣಕಾಲವರೆಗೆ ಹೋಗಿ, ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನೋಡಿದಳು. ಅಲ್ಲಿಂದಲೇ ಒಂದು ಕೈಯಲ್ಲಿ ತವರಿಗೆ ಫೋನು ಹಚ್ಚಿದಳು.

"ಸಸಿ ಕೀಳ್ಸಿಬಿಡವ್ವಾ! ನೀರು ಬಂದಾವು! ಕಾಲು ತೋಯಿಸ್ಕೊಂಡು ನಿಂತು ಹೇಳಾಕತ್ತೀನಿ, ನಾ ಆದೆಮ್ಮ!"

ದಂಡೆಯ ಮೇಲೆ ನಿಂತಿದ್ದ ಕರಿಬಸಯ್ಯನ ಬಾಯಿಯೂ ಅವಳ ಜೊತೆಗೇ ತೆರೆದಿತ್ತು. ಕೊರಳ ಮೇಲಿನ ಬಿಳಿ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು.